ಪಾದುವಾದ ಪೆಟ್ಟಿಗೆ ಮತ್ತು ನಮ್ಮ ಮೇಳ

ಕರಾವಳಿಯಲ್ಲಿ ಹುಟ್ಟಿ ಈಗ ಇಟಲಿಯ ಪಾದುವಾದಲ್ಲಿ ನೆಲೆಸಿರುವ ನಾನು, ಇಲ್ಲಿನ ಸ್ನೇಹಿತರಿಗೆ ಯಕ್ಷಗಾನವನ್ನು ಪರಿಚಯಿಸಬೇಕಾದಾಗಲೆಲ್ಲ ಬಹುಕಾಲ ಶೇಕ್ಸ್‌ಪಿಯರನ ರಂಗಭೂಮಿಯನ್ನೇ ಹೋಲಿಕೆಗೆ ತರುತ್ತಿದ್ದೆ. ಅಲ್ಲಿ ಹುಡುಗರು, ನಮ್ಮಲ್ಲಿ ಗಂಡಸರು ಸ್ತ್ರೀವೇಷ ಕಟ್ಟುತ್ತಿದ್ದರೆಂಬುದನ್ನು ಬಿಟ್ಟರೆ ಆ ಹೋಲಿಕೆಗೆ ಹೆಚ್ಚಿನ ಆಧಾರವಿಲ್ಲವೆಂದು ಈಗ ಅನಿಸುತ್ತಿದೆ. ನಮ್ಮ ಮೇಳಗಳಿಗೆ ಹತ್ತಿರವಾದದ್ದು ಹದಿನಾರನೆಯ ಶತಮಾನದ ಇಟಲಿಯ ಕೊಮ್ಮೇದಿಯಾ ದೆಲ್ಲಾರ್ತೆ, ಅಂದರೆ ವೃತ್ತಿನಟರ ತಂಡಗಳು ಸ್ಥಿರ ಪಾತ್ರಗಳನ್ನಿಟ್ಟುಕೊಂಡು ಮಾತನ್ನು ಆಶುವಾಗಿ ಕಟ್ಟಿ ಆಡುತ್ತಿದ್ದ ನಾಟಕ.

1545ರ ಫೆಬ್ರವರಿ 25ರಂದು ಇದೇ ಪಾದುವಾದಲ್ಲಿ ಎಂಟು ಮಂದಿ ನಟರು ಕರಾರುಪತ್ರ ಬರೆಸಿಕೊಂಡರು. ಊರೂರು ತಿರುಗಿ ಆಡುವುದು, ಸಾಮಾನು ಹೊರಲು ಒಂದು ಕುದುರೆ ಕೊಳ್ಳುವುದು, ಗಳಿಕೆಯನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಕಾಯಿಲೆ ಬಿದ್ದವನನ್ನು ಆ ಹಣದಿಂದಲೇ ನೋಡಿಕೊಳ್ಳುವುದು ಅದರಲ್ಲಿವೆ. ಮೇ ತಿಂಗಳ ಕೊನೆಯ ಪತ್ತನಾಜೆಗೆ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ನಮ್ಮ ಕಲಾವಿದರ ಮಳೆಗಾಲದ ಬದುಕನ್ನು ಬಲ್ಲವರಿಗೆ ಆ ಪೆಟ್ಟಿಗೆಯ ಬೆಲೆ ತಿಳಿಯುತ್ತದೆ. ಯಜಮಾನರನ್ನು ನಂಬಿ ನಡೆಯುವ ಮೇಳಕ್ಕಿಂತ ಇದು ನನಗೆ ಹೆಚ್ಚು ಮೆಚ್ಚುಗೆಯಾದ ವ್ಯವಸ್ಥೆ.

ಮಾತಿನ ವಿಷಯದಲ್ಲಿ ಮಾತ್ರ ನನ್ನ ಒಲವು ನಮ್ಮ ಕಡೆಗೇ. ಕೊಮ್ಮೇದಿಯಾ ನಟ ಫ್ಲಾಮೀನಿಯೋ ಸ್ಕಾಲಾ 1611ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ 50 ಪ್ರಸಂಗಗಳಲ್ಲಿ ಯಾರು ಯಾವಾಗ ಬರಬೇಕು, ಏನು ನಡೆಯಬೇಕು ಎಂಬ ಹಂದರವಿದೆಯೇ ಹೊರತು ಸಂಭಾಷಣೆಯಿಲ್ಲ. ಅದು ನಟನ ನಾಲಿಗೆಗೆ ಬಿಟ್ಟದ್ದು. ನಮ್ಮಲ್ಲಿಯೂ ಅರ್ಥ, ಅಂದರೆ ಪಾತ್ರದ ಮಾತು, ವೇಷಧಾರಿಯದೇ, ಆದರೆ ಹಾಡಿ ಆಟ ನಡೆಸುವ ಭಾಗವತರ ಪದ್ಯವೊಂದು ಅವನನ್ನು ಹಿಡಿದು ನಿಲ್ಲಿಸುತ್ತದೆ. ಆ ಕಟ್ಟು ಇರುವುದರಿಂದಲೇ ಅವನ ಸ್ವಾತಂತ್ರ್ಯಕ್ಕೆ ರುಚಿ.

ಭಾಷೆಯಲ್ಲಂತೂ ಎರಡೂ ದಾರಿಗಳು ಪೂರ್ತಿ ಬೇರೆ. ಕೊಮ್ಮೇದಿಯಾದ ಸ್ಥಿರ ಪಾತ್ರಗಳಲ್ಲಿ ಪಂತಲೋನೆ ವೆನಿಸ್‌ನ ವ್ಯಾಪಾರಿ, ದೊತ್ತೋರೆ ಬೊಲೋನ್ಯಾದ ಪಂಡಿತ, ಆಳು ಆರ್ಲೆಕೀನೋ ಬೆರ್ಗಮೋ ಕಡೆಯವನು; ಒಬ್ಬೊಬ್ಬರದು ಒಂದೊಂದು ಸೀಮೆಯ ನುಡಿ. ನಮ್ಮ ರಂಗಸ್ಥಳದಲ್ಲಿ ರಕ್ಕಸನೂ ಗ್ರಾಂಥಿಕ ಕನ್ನಡವನ್ನೇ ಆಡುತ್ತಾನೆ, ಊರಿನ ಮಾತು ಉಳಿದಿರುವುದು ಹೆಚ್ಚಾಗಿ ಹಾಸ್ಯಗಾರನಲ್ಲಿ. (ಇಂಗ್ಲಿಷ್ ಪದ ನುಸುಳಿದರೆ ಸಭೆ ಮುಖ ಸಿಂಡರಿಸುತ್ತಿದ್ದುದನ್ನು ನಾನೇ ಕಂಡಿದ್ದೇನೆ.)

ಇಲ್ಲಿ ಹೆಂಗಸರೂ ಬೇಗನೆ ರಂಗಕ್ಕೆ ಬಂದರು. ಜೆಲೋಸಿ ಎಂಬ ಕೊಮ್ಮೇದಿಯಾ ತಂಡದ ನಟಿ ಇಸಬೆಲ್ಲಾ ಆಂದ್ರೆಯೀನಿ 1589ರಲ್ಲಿ ಫ್ಲಾರೆನ್ಸ್‌ನ ರಾಜಮನೆತನದ ಮದುವೆಯ ಸಂಭ್ರಮದಲ್ಲಿ ಹುಚ್ಚಿಯ ಪಾತ್ರ ವಹಿಸಿ, ಒಮ್ಮೆ ಸ್ಪ್ಯಾನಿಷ್, ಒಮ್ಮೆ ಗ್ರೀಕ್, ಒಮ್ಮೆ ಇಟಾಲಿಯನ್ ಆಡುತ್ತ, ಜೊತೆಯ ನಟರ ಸೀಮೆನುಡಿಗಳನ್ನೂ ಅಣಕಿಸಿದಳೆಂದು ಅಂದಿನ ದಿನಚರಿಯೊಂದು ಹೇಳುತ್ತದೆ. ಆಕೆ ಆಡಿದ ಆ ಮಾತುಗಳನ್ನು ಯಾರೂ ಬರೆದಿಟ್ಟಿಲ್ಲ.