ಡೊಮಿಸೈಲ್ ಎಂಬ ಗೋಡೆ

ಹದಿನೈದು ವರ್ಷ ಮಹಾರಾಷ್ಟ್ರದಲ್ಲಿ ವಾಸವಿದ್ದೇವೆ ಎಂದು ತೋರಿಸಿದರೆ ಡೊಮಿಸೈಲ್ ಪ್ರಮಾಣಪತ್ರ, ಅಂದರೆ ಈ ರಾಜ್ಯದ ನಿವಾಸಿ ಎಂಬ ಸರಕಾರಿ ಕಾಗದ, ಸಿಗುತ್ತದೆ. ಕೇಳಲು ಎಷ್ಟು ಸುಲಭ! ಮುಂಬೈಯಲ್ಲಿ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಪಾತ್ರೆ ಪಗಡ ಹೊತ್ತು ಬದುಕಿದವರನ್ನು ಕೇಳಿ, ಆ ಹದಿನೈದು ವರ್ಷವನ್ನು ಕಾಗದದ ಮೇಲೆ ಜೋಡಿಸುವುದು ಏನೆಂದು ಹೇಳುತ್ತಾರೆ.

ನನ್ನ ಮಗಳು ಓದಿದ್ದೆಲ್ಲ ಇಲ್ಲೇ. ಹತ್ತನೆಯದು ಇಲ್ಲಿ, ಹನ್ನೆರಡನೆಯದು ಇಲ್ಲಿ. ಆದರೆ ಹುಟ್ಟಿದ್ದು ಕಾರ್ಕಳದಲ್ಲಿ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ಪದ್ಧತಿ. ಮಗು ಮೂರು ತಿಂಗಳಾದ ಮೇಲೆ ತೊಟ್ಟಿಲಿನೊಂದಿಗೆ ಮುಂಬೈಗೆ ಬರುತ್ತದೆ. ಇಂಜಿನಿಯರಿಂಗ್ ಪ್ರವೇಶದಲ್ಲಿ ರಾಜ್ಯದವರಿಗೆಂದು ಇಟ್ಟ ಸೀಟಿಗೆ, ಮಹಾರಾಷ್ಟ್ರದಲ್ಲೇ ಹುಟ್ಟಿ ಇಲ್ಲೇ ಓದಿದ ಮಕ್ಕಳಿಗೆ ಜನನ ಪ್ರಮಾಣಪತ್ರವೇ ಸಾಕು. ತವರಿನಲ್ಲಿ ಹುಟ್ಟಿದ ತಪ್ಪಿಗೆ ನನ್ನ ಮಗಳಿಗೆ ಡೊಮಿಸೈಲ್ ಬೇಕು. ಈ ಊರಿನ ಎಷ್ಟೋ ಕನ್ನಡ ಮನೆಗಳಲ್ಲಿ ಮೊದಲ ಮಗುವಿನ ಕಥೆ ಇದೇ.

ಸರಿ, ಶಾಲೆಯ ದಾಖಲೆ ಇದೆಯಲ್ಲ ಎಂದುಕೊಂಡು ಸರಕಾರಿ ಕಚೇರಿಗೆ ಹೋದರೆ ಲೆಕ್ಕ ಶುರುವಾಗುತ್ತದೆ. ಒಂದನೆಯ ತರಗತಿಯಿಂದ ಎಣಿಸಿದರೆ ಹನ್ನೆರಡು ವರ್ಷ. ಉಳಿದ ಮೂರು ವರ್ಷ ಮಗು ಎಲ್ಲಿತ್ತು? ಅಪ್ಪ ಅಮ್ಮನ ಜೊತೆ ಇತ್ತು ಎಂದರೆ ಸಾಲದು, ಅಪ್ಪ ಅಮ್ಮ ಎಲ್ಲಿದ್ದರು ಎಂಬುದಕ್ಕೆ ಕಾಗದ ಬೇಕು. ಆಗ ನಾವು ಕುರ್ಲಾದಲ್ಲಿ ಒಂದು ಕೋಣೆ, ಒಂದು ಅಡುಗೆ ಮನೆಯ ಬಾಡಿಗೆ ಮನೆಯಲ್ಲಿದ್ದೆವು. ಕಿಟಕಿಯ ಆಚೆ ಕುಳಿತ ಗುಮಾಸ್ತರು ನನ್ನ ಪ್ಲಾಸ್ಟಿಕ್ ಚೀಲದ ಕಾಗದಗಳನ್ನು ಪೆನ್ನಿನ ತುದಿಯಿಂದ ಸರಿಸುತ್ತಾ ಹೋದರು. ಹನ್ನೊಂದು ತಿಂಗಳ ಕರಾರುಪತ್ರದ ಹತ್ತಿರ ಪೆನ್ನು ನಿಂತಿತು. ನೋಂದಣಿ ಆಗಿಲ್ಲ, ನಡೆಯುವುದಿಲ್ಲ. ಲೈಟ್ ಬಿಲ್ ಯಾರ ಹೆಸರಿನಲ್ಲಿದೆ? ಮನೆಮಾಲೀಕರ ಹೆಸರಿನಲ್ಲಿ. ಅದೂ ನಡೆಯುವುದಿಲ್ಲ. ತಲೆ ಎತ್ತಿ ನನ್ನ ಮುಖವನ್ನೂ ನೋಡದೆ ಇಡೀ ಕಟ್ಟನ್ನು ನನ್ನ ಕಡೆ ತಳ್ಳಿದರು.

ನನ್ನ ಹೊಟ್ಟೆ ಉರಿಯುವುದು ಇಲ್ಲಿ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೆಯ ಕಲಮು ಏನು ಹೇಳುತ್ತದೆ? ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಿರಬೇಕು, ನೋಂದಣಿ ಮಾಡಿಸುವ ಹೊಣೆ ಮನೆಮಾಲೀಕನದು. ಮಾಡಿಸದಿದ್ದರೆ ಅವನಿಗೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ ಐದು ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ತಪ್ಪು ಮಾಡಿದವನು ಮಾಲೀಕ. ಆದರೆ ಅವನ ಮನೆಯ ಬಾಗಿಲನ್ನು ಯಾವ ಕಚೇರಿಯೂ ತಟ್ಟುವುದಿಲ್ಲ. ಎಷ್ಟೋ ವರ್ಷಗಳ ನಂತರ, ಮಾಲೀಕನ ಮುಖ ಕೂಡ ನೆನಪಿರದ ಒಂದು ಹುಡುಗಿಯ ಅರ್ಜಿ ಮಾತ್ರ ಮೂಲೆ ಸೇರುತ್ತದೆ. ನೋಂದಣಿ ಮಾಡಿಸಿ ಎಂದು ನಾವು ಅಂದೇ ಕೇಳಿದ್ದೆವು. ಬೇಡದಿದ್ದರೆ ಬೇರೆ ಮನೆ ನೋಡಿಕೊಳ್ಳಿ ಎಂಬ ಉತ್ತರ ಸಿಕ್ಕಿತ್ತು. ಕೈಗೂಸು ಇಟ್ಟುಕೊಂಡವರು ಬೇರೆ ಮನೆ ಎಲ್ಲಿ ಹುಡುಕಬೇಕು?

ಇನ್ನು ನನ್ನ ಮಾವನವರಂಥವರ ಪಾಡು ಬೇರೆ. ಹಗಲು ಫೋರ್ಟಿನ ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿ, ಹೋಟೆಲಿನ ಅಟ್ಟದ ಮೇಲೆಯೇ ಮಲಗಿ ಈ ಊರಿನಲ್ಲಿ ನೆಲೆ ಕಂಡವರು. ಆ ಅಟ್ಟಕ್ಕೆ ಯಾವ ಬಿಲ್ಲು ಬರುತ್ತಿತ್ತು?

2024ರ ಜುಲೈಯಲ್ಲಿ ‘ಲಾಡಕೀ ಬಹೀಣ’ ಯೋಜನೆ ಬಂದಾಗ ಇದೇ ಗೋಡೆಗೆ ಬಡವರು ತಲೆ ಚಚ್ಚಿಕೊಂಡದ್ದನ್ನು ನೋಡಿದ್ದೇನೆ. ಹೆಂಗಸರಿಗೆ ಸರಕಾರ ಕೊಡುವ ತಿಂಗಳಿಗೆ 1,500 ರೂಪಾಯಿಗಾಗಿ ಮೊದಲು ಡೊಮಿಸೈಲ್ ಕೇಳಿದರು. ನಮ್ಮ ಕಟ್ಟಡದಲ್ಲಿ ಕೆಲಸಕ್ಕೆ ಬರುವ ಕಲಬುರಗಿ ಕಡೆಯ ಅಕ್ಕ ಆ ದಿನದ ಕೂಲಿ ಬಿಟ್ಟು ಸಾಲಿನಲ್ಲಿ ನಿಂತಿದ್ದರು. ಆ ಇಂಗ್ಲಿಷ್ ಪದ ಬಾಯಿ ತಪ್ಪಬಾರದೆಂದು ಅದನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದರು. ಕಿಟಕಿಯ ಹತ್ತಿರ ಬಂದಾಗ ಉಚ್ಚಾರ ಸ್ವಲ್ಪ ತಪ್ಪಿತು. ಹಿಂದೆ ನಿಂತಿದ್ದ ಒಬ್ಬ ನಕ್ಕ. ಆ ನಗು ನನಗೆ ಇಂದಿಗೂ ಸಹಿಸಲಾಗುವುದಿಲ್ಲ. ಈ ನಗರದ ಗೋಡೆಗಳಿಗೆ ಇಟ್ಟಿಗೆ ಹೊತ್ತ ಹೆಂಗಸು ತಾನು ಇಲ್ಲಿರುವುದನ್ನು ಹೇಳಲು ಪರಭಾಷೆಯ ಪದವನ್ನು ಪರೀಕ್ಷೆಗೆಂಬಂತೆ ಬಾಯಿಪಾಠ ಮಾಡಬೇಕೇ?

ಆಮೇಲೆ ಏನಾಯಿತು? ಯೋಜನೆ ಆರಂಭವಾದ ಕೆಲವೇ ದಿನಗಳಲ್ಲಿ ಸರಕಾರ ಮನಸ್ಸು ಬದಲಾಯಿಸಿತು. ಹದಿನೈದು ವರ್ಷ ಹಳೆಯ ಪಡಿತರ ಚೀಟಿ, ಮತದಾರರ ಗುರುತಿನ ಚೀಟಿ, ಶಾಲೆ ಬಿಟ್ಟ ದಾಖಲೆ, ಜನನ ಪ್ರಮಾಣಪತ್ರ, ಇವುಗಳಲ್ಲಿ ಒಂದಿದ್ದರೆ ಡೊಮಿಸೈಲ್ ಬೇಡ ಎಂದಿತು. ಪರರಾಜ್ಯದಲ್ಲಿ ಹುಟ್ಟಿ ಇಲ್ಲಿಗೆ ಮದುವೆಯಾಗಿ ಬಂದ ಹೆಂಗಸರಿಗೆ ಗಂಡನ ದಾಖಲೆಯೇ ನಡೆಯುತ್ತದೆ ಎಂದೂ ಒಪ್ಪಿತು. ಅಂದರೆ ಮನಸ್ಸಿದ್ದರೆ ಮಾರ್ಗವಿದೆ. ಮತದಾರರಾದ ಹೆಂಗಸರಿಗೆ ಕಂಡ ಮಾರ್ಗ ಇನ್ನೂ ಮತ ಹಾಕದ ಮಕ್ಕಳಿಗೆ ಏಕೆ ಕಾಣುವುದಿಲ್ಲ?

ಡೊಮಿಸೈಲ್ ಎಂಬ ಈ ಪದವನ್ನು ರಾಜ್ಯಗಳು ಬಳಸುತ್ತಿರುವುದೇ ತಪ್ಪು ಎಂದು ಸುಪ್ರೀಂ ಕೋರ್ಟ್ ಪ್ರದೀಪ್ ಜೈನ್ ಪ್ರಕರಣದಲ್ಲಿ 1984ರಲ್ಲೇ ಹೇಳಿದೆ. ಸಂವಿಧಾನದ 5ನೆಯ ವಿಧಿಯಲ್ಲಿರುವುದು ಭಾರತದ ಡೊಮಿಸೈಲ್ ಮಾತ್ರ. ರಾಜ್ಯಕ್ಕೊಂದು ಡೊಮಿಸೈಲ್ ಎಂಬುದು ಇಲ್ಲ. 2025ರ ಜನವರಿಯಲ್ಲಿ ವೈದ್ಯಕೀಯ ಸ್ನಾತಕೋತ್ತರ ಸೀಟುಗಳ ತೀರ್ಪಿನಲ್ಲಿ ಅದೇ ಮಾತನ್ನು ನ್ಯಾಯಾಲಯ ಮತ್ತೆ ಎತ್ತಿ ಹಿಡಿಯಿತು. ಇಲ್ಲಿ ನೆಲೆಸಿದವರ ಮಕ್ಕಳಿಗೆ ಒಂದು ಪಾಲು ಸೀಟು ಇಡುವುದಕ್ಕೆ ನನ್ನ ತಕರಾರಿಲ್ಲ, ನಾವೂ ಇಲ್ಲಿ ನೆಲೆಸಿದವರೇ. ಆದರೆ ನಾಲ್ಕು ದಶಕಗಳಿಂದ ನ್ಯಾಯಾಲಯ ಬೇಡವೆನ್ನುತ್ತಿರುವ ಪದವನ್ನೇ ಫಲಕದ ಮೇಲೆ ಬರೆದು, ಅದರ ಕೆಳಗೆ ಯಾವ ಕಾಗದ ಬೇಕು ಎಂಬ ಪೂರ್ತಿ ಪಟ್ಟಿಯನ್ನು ಹಾಕದೆ, ಪ್ರತಿ ಸಲವೂ ಹೊಸದೊಂದು ಕೊರತೆ ಹೇಳಿ ಕಳುಹಿಸುವುದು ಯಾವ ನ್ಯಾಯ? ಆ ಪಟ್ಟಿ ಹೊರಗೆ ಸ್ಟೂಲು ಹಾಕಿಕೊಂಡು ಕುಳಿತ ದಲ್ಲಾಳಿಗೆ ಮಾತ್ರ ಬಾಯಿಪಾಠವಾಗಿದೆ. ಅವನ ಕೈಗೆ ದುಡ್ಡು ಕೊಟ್ಟವರ ಕಾಗದದಲ್ಲಿ ಕೊರತೆಯೇ ಕಾಣುವುದಿಲ್ಲ. ನಾನು ಕೊಡುವುದಿಲ್ಲ. ಪ್ರವೇಶದ ದಿನ ಹತ್ತಿರ ಬರುತ್ತಿದೆ, ಮಗಳು ರಾತ್ರಿ ಸರಿಯಾಗಿ ನಿದ್ದೆ ಮಾಡುತ್ತಿಲ್ಲ, ಕೊಟ್ಟು ಮುಗಿಸು ಎಂದು ಮನೆಯಲ್ಲೇ ಹೇಳುತ್ತಿದ್ದಾರೆ. ಆದರೂ ಕೊಡುವುದಿಲ್ಲ.

ಈ ರಾಜ್ಯದಲ್ಲಿ 2015ರಿಂದ ಸೇವಾ ಹಕ್ಕು ಕಾಯ್ದೆ ಇದೆ. ಅರ್ಜಿ ತಿರಸ್ಕರಿಸುವ ಅಧಿಕಾರಿ ಕಾರಣವನ್ನು ಲಿಖಿತವಾಗಿ ಕೊಡಬೇಕು, ಅದರ ಮೇಲೆ ಮೇಲ್ಮನವಿ ಹಾಕಬಹುದು. ಸೋಮವಾರ ಅದೇ ಕಾಗದಗಳೊಂದಿಗೆ ಅದೇ ಕಿಟಕಿಗೆ ಹೋಗುತ್ತಿದ್ದೇನೆ. ಈ ಸಲ ಕಟ್ಟನ್ನು ನನ್ನ ಕಡೆ ತಳ್ಳಿದರೆ, ಯಾವ ಕಾರಣಕ್ಕೆ ತಳ್ಳಿದಿರಿ ಎಂದು ಬರೆದು ಸಹಿ ಹಾಕಿ ಕೊಡುವವರೆಗೆ ಅಲ್ಲಿಂದ ಕದಲುವುದಿಲ್ಲ.