ಎತ್ತರ ನೋಡಿ ದಾರಿ ಆರಿಸುವವರಿಗೆ

ಸೈಕಲ್‌ನಲ್ಲಿ ದೂರ ಹೋಗುವವರ ನಡುವೆ ಬೆಟ್ಟಗುಡ್ಡದ ದಾರಿಯ ಮಾತು ಬಂದರೆ ಎಲ್ಲರೂ ಮೊದಲು ಕೇಳೋದು ಒಂದೇ: ಎಷ್ಟು ಎತ್ತರಕ್ಕೆ ಹೋಗುತ್ತೆ? ಎರಡು ಸಾವಿರ ಮೀಟರ್ ಅಂದರೆ ಹುಬ್ಬು ಮೇಲೇರುತ್ತೆ. ನಾನೂರು ಮೀಟರ್ ಅಂದರೆ "ಅಷ್ಟೇನಾ" ಅನ್ನೋ ಮುಖ. ನನಗೆ ಈ ಲೆಕ್ಕದ ಮೇಲೆ ಎಳ್ಳಷ್ಟೂ ನಂಬಿಕೆ ಇಲ್ಲ. ಆ ರಸ್ತೆಯನ್ನು ಯಾರಿಗಾಗಿ ಮಾಡಿದ್ದರು ಅಂತ ಕೇಳಿಕೊಳ್ಳಿ. ನಿಮ್ಮ ತೊಡೆಗಳಿಗೆ ಬೇಕಾದ ಉತ್ತರ ಅಲ್ಲಿರುತ್ತೆ.

ಇಟಲಿಯ ಸ್ಟೆಲ್ವಿಯೊ ಘಾಟಿಯನ್ನೇ ತಗೊಳ್ಳಿ. ನೆತ್ತಿ 2,757 ಮೀಟರ್. ಪ್ರಾಟೊ ಊರಿನ ಕಡೆಯಿಂದ ಹೊರಟರೆ 48 ಹೇರ್‌ಪಿನ್ ತಿರುವು, ಸುಮಾರು 24 ಕಿ.ಮೀ. ಏರು. ಫೋಟೊ ನೋಡಿದರೇ ಎದೆ ಧಸಕ್ಕೆನ್ನುತ್ತೆ. ಆದರೆ ಸರಾಸರಿ ಏರು ಶೇ. 7.5ರ ಆಸುಪಾಸು ಅಷ್ಟೇ, ಅಂದರೆ ನೂರು ಮೀಟರ್ ಮುಂದೆ ಹೋದರೆ ಏಳೂವರೆ ಮೀಟರ್ ಮೇಲೆ. 1820ರಿಂದ 1825ರೊಳಗೆ ಆಸ್ಟ್ರಿಯಾದ ಆಡಳಿತಕ್ಕಾಗಿ ಕಾರ್ಲೊ ಡೊನೆಗಾನಿ ಅನ್ನೋ ಎಂಜಿನಿಯರ್ ಕಟ್ಟಿದ ರಸ್ತೆ ಅದು. ಅಲ್ಲಿ ಹೋಗಬೇಕಾಗಿದ್ದದ್ದು ಹೇರು ಹೊತ್ತ ಕುದುರೆಗಾಡಿ. ಕುದುರೆ ಎಳೆಯಲಾರದ ಏರನ್ನು ಇಟ್ಟರೆ ರಸ್ತೆ ಕಟ್ಟಿಯೂ ದಂಡ. ಹಾಗಾಗಿ ಬೆಟ್ಟವನ್ನು ಸುತ್ತಿಸಿ ಸುತ್ತಿಸಿ ಮೇಲೆ ತಂದಿದ್ದಾರೆ. ಇನ್ನೂರು ವರ್ಷದ ನಂತರ ಆ ಕುದುರೆಗಳ ಪುಣ್ಯ ನಮಗೆ ಸಿಗುತ್ತಿದೆ. ಸಣ್ಣ ಗೇರಿಗೆ ಹಾಕಿ, ಉಸಿರಿಗೆ ಒಂದು ಲಯ ಕೊಟ್ಟು ಕೂತರೆ ಲಗೇಜ್ ಹೊತ್ತ ಸೈಕಲ್ಲೂ ಮೂರೂವರೆ ನಾಲ್ಕು ಗಂಟೆಯಲ್ಲಿ ಮೇಲಿರುತ್ತೆ.

ಈಗ ಅದೇ ದೇಶದ ಟಸ್ಕನಿಗೆ ಬನ್ನಿ. ಗಾಯೊಲೆ ಇನ್ ಕಿಯಾಂಟಿ ಅನ್ನೋ ಸಣ್ಣ ಊರಿನಿಂದ 1997ರಿಂದ 'ಎರೊಯಿಕಾ' ಅನ್ನೋ ಹಳೇ ಸೈಕಲ್‌ಗಳ ಸವಾರಿ ನಡೆಯುತ್ತೆ. ಅದರ ದೊಡ್ಡ ಸುತ್ತು 209 ಕಿ.ಮೀ. ದಾರಿಯಲ್ಲಿ ಸಿಗುವ ಬೆಟ್ಟದೂರು ಮೊಂಟಾಲ್ಚಿನೊ ಸಮುದ್ರಮಟ್ಟದಿಂದ 564 ಮೀಟರ್. ಆಲ್ಪ್ಸ್ ಹತ್ತಿ ಬಂದವರು ಇದನ್ನು ಬೆಟ್ಟ ಅಂತ ಕರೆಯೋದಕ್ಕೂ ಒಪ್ಪಲಿಕ್ಕಿಲ್ಲ. ಆದರೆ ಆ ಸುತ್ತಿನಲ್ಲಿ ಒಟ್ಟು ಹತ್ತಬೇಕಾದ್ದು 3,500 ಮೀಟರಿಗೂ ಹೆಚ್ಚು, ಅಂದರೆ ಹತ್ತಿರಹತ್ತಿರ ಎರಡು ಸ್ಟೆಲ್ವಿಯೊ. ಅದೂ ಒಂದೇ ಉಸಿರಿನಲ್ಲಲ್ಲ. ಹತ್ತು, ಇಳಿ, ತಿರುಗಿ ಹತ್ತು. ಬೆವರು ಸುರಿಸಿ ಗಳಿಸಿದ ಎತ್ತರವನ್ನು ಮುಂದಿನ ಹಳ್ಳದಲ್ಲಿ ಎರಡೇ ನಿಮಿಷದಲ್ಲಿ ಕಳೆದು, ಆಚೆ ದಂಡೆಯಲ್ಲಿ ಸೊನ್ನೆಯಿಂದ ಶುರು ಮಾಡಬೇಕು. ಲಯ ಅನ್ನೋದು ಹುಟ್ಟೋದೇ ಇಲ್ಲ.

ಇದಕ್ಕೆ ಕಾರಣ ಇತಿಹಾಸ. ಅಲ್ಲಿನ ಹಳೇ ಕಾಲದ ಊರುಗಳು ದಿಣ್ಣೆಯ ನೆತ್ತಿಯಲ್ಲಿ ಕೂತದ್ದು ನೋಟ ಚೆನ್ನಾಗಿದೆ ಅಂತಲ್ಲ, ಶತ್ರು ಬಂದರೆ ದೂರದಿಂದಲೇ ಕಾಣಲಿ ಅಂತ. ಕೆಳಗಿನಿಂದ ಕೋಟೆ ಬಾಗಿಲಿಗೆ ಹೋಗುವ ದಾರಿ ಕಾಲಾಳು ಮತ್ತು ಹೇಸರಗತ್ತೆಗಳದ್ದು. ಅವರಿಗೆ ಸುತ್ತು ಬೇಡ, ನೆಟ್ಟಗೆ ಮೇಲೆ ಹೋದರೆ ಸಾಕು. ಎಷ್ಟೋ ಕಡೆ ಇವತ್ತಿನ ಡಾಂಬರು ಬಿದ್ದಿರೋದು ಅದೇ ಜಾಡಿನ ಮೇಲೆ. ಸಿಯೆನಾ ನಗರದ ಸಾಂತಾ ಕತೆರೀನಾ ಬೀದಿಯಲ್ಲಿ ಏರು ಶೇ. 16 ಮುಟ್ಟುತ್ತೆ. 'ಸ್ತ್ರಾದೆ ಬಿಯಾಂಕೆ' ರೇಸ್ ಮುಗಿಯೋ ಮೊದಲು ವೃತ್ತಿಪರರೂ ಹಲ್ಲುಕಚ್ಚಿ ಹತ್ತುವ ಬೀದಿ ಅದು. ನಾವಾದರೋ ಹಿಂದೆ ಮುಂದೆ ಚೀಲ ನೇತುಹಾಕಿಕೊಂಡು, ಇಡೀ ದಿನ ತುಳಿದು, ಸಂಜೆ ಇಂಥದೇ ಬೀದಿ ಹುಡುಕಿಕೊಂಡು ಹೋಗುತ್ತೇವೆ, ಉಳಿಯೋ ಕೋಣೆ ಕೋಟೆಯೊಳಗೇ ಇರಬೇಕಲ್ಲ!

ಬೆಲ್ಜಿಯಂನ ಕೊಪೆನ್‌ಬರ್ಗ್ ದಿಣ್ಣೆ ಇನ್ನೂ ತಮಾಷೆ. ನೆತ್ತಿಯ ಎತ್ತರ 77 ಮೀಟರ್, ಉದ್ದ 600 ಮೀಟರ್, ಕಡಿದಾದ ಕಡೆ ಶೇ. 22, ಮೇಲೆ ಕಲ್ಲುಹಾಸು. 1987ರ ಫ್ಲಾಂಡರ್ಸ್ ರೇಸಿನಲ್ಲಿ ಮುಂದಿದ್ದ ಯೆಸ್ಪರ್ ಸ್ಕಿಬಿ ಇಲ್ಲಿ ಬಿದ್ದರು, ಹಿಂದಿದ್ದ ಅಧಿಕಾರಿಗಳ ಕಾರು ಅವರ ಸೈಕಲ್ ಮೇಲೇ ಹರಿಯಿತು. ಅಲ್ಲಿಂದ 2002ರ ತನಕ ರೇಸಿನವರು ಆ ದಿಣ್ಣೆಯ ಸಹವಾಸಕ್ಕೇ ಹೋಗಲಿಲ್ಲ. ಎಪ್ಪತ್ತೇಳು ಮೀಟರ್, ನೆನಪಿರಲಿ.

ಹಾಗಾದರೆ ದಾರಿಯನ್ನು ಓದೋದು ಹೇಗೆ? ಮೊಬೈಲ್ ಆ್ಯಪ್ ತೋರಿಸುವ ಏರಿಳಿತದ ಗೆರೆಯನ್ನು ಪೂರ್ತಿ ನಂಬಬೇಡಿ. ಅದರ ಹಿಂದಿರೋ ಎತ್ತರದ ಮಾಹಿತಿ ಸಾಮಾನ್ಯವಾಗಿ ಮೂವತ್ತು ಮೀಟರಿಗೊಂದು ಬಿಂದು ಅನ್ನೋ ಲೆಕ್ಕದ್ದು, ಅದನ್ನೂ ನುಣುಪು ಮಾಡಿ ತೋರಿಸುತ್ತಾರೆ. ಐವತ್ತು ಮೀಟರ್ ಉದ್ದದ ಶೇ. 20ರ ಒಂದು ಚೂಪು ಏರು ಆ ಗೆರೆಯಲ್ಲಿ ಮಾಯವಾಗುತ್ತೆ, ನಿಮ್ಮ ಮೊಣಕಾಲಿನಲ್ಲಿ ಮಾಯವಾಗಲ್ಲ. ನನಗೆ ಈಗಲೂ ಕಾಗದದ ನಕಾಶೆಯ ಬಾಣದ ಗುರುತುಗಳ ಮೇಲೇ ಭರವಸೆ. ಮಿಶೆಲಿನ್ ನಕಾಶೆಯಲ್ಲಿ ಒಂದು ಬಾಣ ಅಂದರೆ ಶೇ. 5ರಿಂದ 9, ಎರಡು ಅಂದರೆ 9ರಿಂದ 13, ಮೂರು ಅಂದರೆ ಅದಕ್ಕೂ ಮೇಲೆ. ಬ್ರಿಟನ್ನಿನ ಆರ್ಡ್‌ನೆನ್ಸ್ ಸರ್ವೆ ನಕಾಶೆಯವರಿಗೆ ಶೇ. 14 ದಾಟದೆ ಬಾಣ ಹಾಕೋ ಅಭ್ಯಾಸವೇ ಇಲ್ಲ, ಎರಡು ಬಾಣ ಕಂಡರೆ ಶೇ. 20ಕ್ಕೂ ಹೆಚ್ಚು. ಇನ್ನೊಂದು ವಿಷಯ: ಮಿಶೆಲಿನ್ ಬಾಣ ಏರಿನ ಕಡೆ ಮುಖ ಮಾಡಿರುತ್ತೆ, ಬ್ರಿಟನ್ನಿನದು ಇಳಿಜಾರಿನ ಕಡೆ. ಇದು ಗೊತ್ತಿಲ್ಲದೆ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟಿಗೆ ಹೋದವರ ಗತಿ ದೇವರೇ ಕಾಯಬೇಕು. ಅಲ್ಲಿನ ಹಾರ್ಡ್‌ನಾಟ್ ಘಾಟಿ 393 ಮೀಟರೇ ಇರಬಹುದು, ಆದರೆ ಏರು ಶೇ. 33ರ ತನಕ ಹೋಗುತ್ತೆ. ಪಕ್ಕದಲ್ಲೇ ರೋಮನ್ನರ ಕೋಟೆಯ ಅವಶೇಷ. ಉಸಿರು ಸುಧಾರಿಸಿಕೊಳ್ಳೋಕೆ ನಿಂತಾಗ ನೋಡಲಿಕ್ಕೆ ಏನೋ ಒಂದಿದೆ ಅಂತ ಸಮಾಧಾನ.

ಇನ್ನು ಗೇರಿನ ವಿಷಯ. ಇಲ್ಲಿ ನಾನು ಸ್ವಲ್ಪ ಹಠಮಾರಿ. ಸವಾರ, ಸೈಕಲ್, ಲಗೇಜ್ ಸೇರಿ ನೂರು ಕಿಲೊ ಅಂದುಕೊಳ್ಳಿ. ಏರು ಶೇ. 15. ಪೆಡಲಿನ ಹತ್ತಿರದ ಮುಂದಿನ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನದಕ್ಕೂ 34 ಇದ್ದರೆ ಒಂದು ಸುತ್ತು ತುಳಿತಕ್ಕೆ ಸೈಕಲ್ ಎರಡು ಮೀಟರಿಗಿಂತ ತುಸು ಹೆಚ್ಚು ಮುಂದೆ ಹೋಗುತ್ತೆ. ನಿಮಿಷಕ್ಕೆ ಅರವತ್ತು ಸುತ್ತು ತುಳಿಯಬೇಕಾದರೆ 300 ವ್ಯಾಟ್ ದಾಟಿದ ಶಕ್ತಿ ಬೇಕು. ನಮ್ಮಂಥವರು ಅದನ್ನು ಕೆಲವೇ ನಿಮಿಷ ಕೊಡಬಲ್ಲೆವು. ಮುಂದೆ 22, ಹಿಂದೆ 36 ಹಾಕಿದರೆ ಅದೇ ಲಯಕ್ಕೆ ಸುಮಾರು 200 ವ್ಯಾಟ್ ಸಾಕು. ವೇಗ ಗಂಟೆಗೆ ನಾಲ್ಕೂವರೆ ಕಿ.ಮೀ.ಗೆ ಇಳಿಯುತ್ತೆ, ಇಳಿಯಲಿ. "ಅಷ್ಟು ಸಣ್ಣ ಗೇರು ಮುದುಕರಿಗೆ" ಅನ್ನೋ ಮಾತು ಹೊಸದೇನಲ್ಲ. ಟೂರ್ ಡಿ ಫ್ರಾನ್ಸ್ ಶುರುಮಾಡಿದ ಆಂರಿ ದೆಗ್ರಾಂಜ್ 1902ರಲ್ಲೇ ಗೇರು 45 ವರ್ಷ ದಾಟಿದವರಿಗೆ ಅಂತ ಬರೆದಿದ್ದರು. ಗೇರು ಬದಲಿಸುವ ಡಿರೇಲರಿಗೆ ಆ ರೇಸಿನಲ್ಲಿ ಅನುಮತಿ ಸಿಕ್ಕಿದ್ದೇ 1937ರಲ್ಲಿ. ದೆಗ್ರಾಂಜ್ ಕಾಲದಲ್ಲೇ ಪೋಲ್ ದ ವಿವಿ ಅನ್ನೋ ಇನ್ನೊಬ್ಬ ಫ್ರೆಂಚ್ ಮನುಷ್ಯ, 'ವೆಲೊಸಿಯೊ' ಹೆಸರಲ್ಲಿ ಬರೆಯುತ್ತಿದ್ದವರು, ಬೆಟ್ಟದ ದಾರಿಗೆ ಬೇರೆಬೇರೆ ಗೇರು ಬೇಕೇ ಬೇಕು ಅಂತ ವಾದಿಸುತ್ತಾ ಸ್ವತಃ ತುಳಿದು ತೋರಿಸುತ್ತಿದ್ದರು. ಹಸಿವಾಗುವ ಮೊದಲೇ ತಿನ್ನಿ, ಬಾಯಾರುವ ಮೊದಲೇ ಕುಡಿಯಿರಿ ಅನ್ನೋದೂ ಅವರದೇ ಉಪದೇಶ. ನನ್ನ ವೋಟು ವೆಲೊಸಿಯೊಗೆ.

ಆ ಗೇರೂ ಸಾಲದೆ ಹೋದರೆ ಇಳಿದು ತಳ್ಳಿ. ಸಂಕೋಚ ಯಾಕೆ? ಶೇ. 20ರ ಏರಿನಲ್ಲಿ ತುಳಿದರೂ ನಾಲ್ಕು ಕಿ.ಮೀ. ವೇಗ, ತಳ್ಳಿದರೆ ಮೂರು. ಇಷ್ಟು ವ್ಯತ್ಯಾಸಕ್ಕೆ ಮಂಡಿಚಿಪ್ಪು ಒತ್ತೆ ಇಡೋದು ದಡ್ಡತನ. ಆದರೆ ಶೂ ಸರಿಯಾಗಿರಲಿ. ಪೆಡಲಿಗೆ ಸಿಕ್ಕಿಸೋ ಕ್ಲೀಟ್ ತಳದಿಂದ ಹೊರಗೆ ಚಾಚಿಕೊಂಡ ರೇಸಿಂಗ್ ಶೂ ಹಾಕಿಕೊಂಡು ಸವೆದ ಕಲ್ಲುಹಾಸಿನ ಮೇಲೆ ಭಾರದ ಸೈಕಲ್ ತಳ್ಳೋಕೆ ಹೋದರೆ ಎರಡು ಹೆಜ್ಜೆಗೊಮ್ಮೆ ಕಾಲು ಜಾರುತ್ತೆ.

ಲಗೇಜ್ ಪೂರ್ತಿ ಹಿಂದೆ ಕಟ್ಟಿಕೊಳ್ಳುವವರಿಗೂ ಒಂದು ಮಾತು. ಏರು ಕಡಿದಾದಂತೆ ಹ್ಯಾಂಡಲ್ ಕೈಯಲ್ಲಿ ಹಗುರಾಗುತ್ತಾ ಬರುತ್ತೆ. ಮುಂದಿನ ಚಕ್ರ ಆ ಕಡೆ ಈ ಕಡೆ ಆಡುತ್ತೆ, ಜೋರಾಗಿ ಒಂದು ತುಳಿತ ಕೊಟ್ಟರೆ ನೆಲ ಬಿಟ್ಟು ಮೇಲೇಳುತ್ತೆ. ಹೆದರಿ ಮುಂದಕ್ಕೆ ಬಾಗಿ ನಿಂತು ತುಳಿದಿರೋ, ಜಲ್ಲಿ ಮಣ್ಣಿನ ರಸ್ತೆಯಲ್ಲಿ ಹಿಂದಿನ ಚಕ್ರ ಅಲ್ಲಲ್ಲೇ ಗಿರ್ರನೆ ತಿರುಗುತ್ತೆ. ಭಾರದ ಸಾಮಾನಲ್ಲಿ ಒಂದಿಷ್ಟು ಮುಂದಿನ ಚಕ್ರದ ಪಕ್ಕ ಕೆಳಗೆ ಕಟ್ಟಿ, ಸೀಟಿನ ಮುಂದಿನ ತುದಿಗೆ ಸರಿದು ಕೂತೇ ತುಳಿಯೋದು ಇದಕ್ಕೆ ಮದ್ದು.

ಹಳೇ ಊರಿನೊಳಗೆ ಹೋದಮೇಲೆ ಬೇರೆಯೇ ಆಟ. ಎರಡೂ ಕಡೆ ಎತ್ತರದ ಗೋಡೆ, ನಡುವೆ ಕಿರಿದಾದ ಓಣಿ. ಜಿಪಿಎಸ್ ನಮ್ಮನ್ನು ಪಕ್ಕದ ಬೀದಿಯಲ್ಲಿ ತೋರಿಸುತ್ತಿರುತ್ತೆ. ಆ್ಯಪ್ ಹೇಳಿದ "ದಾರಿ" ನೋಡಿದರೆ ಮೆಟ್ಟಿಲು! ಇಳಿಯುವಾಗ ಇನ್ನೂ ಹುಷಾರಾಗಿರಬೇಕು. ಮಳೆ ಬಿದ್ದ ಕಲ್ಲಿನ ಮೇಲೆ ಮುಂದಿನ ಬ್ರೇಕ್ ಗಟ್ಟಿ ಹಿಡಿದರೆ ನೆಲ ಸೇರೋದೇ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಹಿಡಿದುಕೊಂಡೇ ಹೋದರೆ ರಿಮ್ ಕಾದುಹೋಗುತ್ತೆ. ಒಮ್ಮೆ ಒತ್ತಿ, ಒಮ್ಮೆ ಬಿಟ್ಟು, ಬೇಕಾದರೆ ನಿಂತು ಆರಿಸಿ.

ದಿನಕ್ಕೆ ನೂರು ಕಿ.ಮೀ. ಅಂತ ಬಯಲಿನ ಲೆಕ್ಕವನ್ನೇ ಇಂಥ ಕಡೆಗೂ ತಗೊಂಡು ಹೋಗುವವರನ್ನು ಕಂಡರೆ ನನಗೆ ಕನಿಕರ. ನಾನಾದರೆ ಐವತ್ತು ಅರವತ್ತಕ್ಕೆ ನಿಲ್ಲಿಸುತ್ತೇನೆ. ಕೊನೆಯ ಏರು ಊರ ಬಾಗಿಲಿನದೇ ಆಗಿದ್ದರೆ ಅದಕ್ಕೆ ಅಂತಲೇ ಒಂದು ಗಂಟೆ ಬೆಳಕು, ಒಂದು ಬಾಟಲ್ ನೀರು ಉಳಿಸಿಕೊಳ್ಳುತ್ತೇನೆ. ಬ್ಯಾಟರಿ ಸೈಕಲ್‌ನವರಿಗೂ ಇದೇ ಮಾತು. ಸಪಾಟು ರಸ್ತೆಗೆ ಕಂಪನಿ ಹೇಳಿದ ದೂರದಲ್ಲಿ ಅರ್ಧ ಹಿಡಿದು ಲೆಕ್ಕ ಹಾಕಿ. ಇಲ್ಲದಿದ್ದರೆ ಚಾರ್ಜ್ ಮುಗಿದ ಇಪ್ಪತ್ತೈದು ಕಿಲೊ ಸೈಕಲ್ಲನ್ನು ಕೋಟೆ ಬಾಗಿಲಿನ ತನಕ ತಳ್ಳೋರು ನೀವೇ.