ಙಕಾರದ ಕೂಸು

ಪತ್ರಿಕೆಯಲ್ಲಿ ನಾಲ್ಕು ಬರಹ ಅಚ್ಚಾದವನಿಗೆ ನೆಂಟರಿಷ್ಟರು ಕೊಡುವ ಗೌರವ ಒಂದೇ. ಬಳಗದಲ್ಲಿ ಯಾರಿಗೆ ಮಗು ಹುಟ್ಟಿದರೂ "ನೀನು ಬರೆಯೋನಲ್ವಾ, ಒಂದು ಒಳ್ಳೇ ಹೆಸರು ಹೇಳು" ಅನ್ನುತ್ತಾರೆ. ಇದಕ್ಕೆ ಸಂಭಾವನೆ ಇಲ್ಲ. ನಾನು ಹೇಳಿದ ಹೆಸರನ್ನು ಯಾರಾದರೂ ಇಟ್ಟ ಉದಾಹರಣೆಯೂ ಇಲ್ಲ. ಯಾವ ಹೆಸರು ಬೇಡ ಎಂದು ತೀರ್ಮಾನಿಸಲು ಅವರಿಗೆ ಒಂದು ಪಟ್ಟಿ ಬೇಕಿರುತ್ತದೆ, ಅಷ್ಟೆ.

ಈ ಸಲದ ಬೇಡಿಕೆ ಅಕ್ಕನ ಮಗಳು ಸ್ಪಂದನಾಳದು. ಗಂಡು ಕೂಸು. ಬಾಣಂತಿಕೋಣೆಯಿಂದಲೇ ವಾಟ್ಸಾಪಿನಲ್ಲಿ ಧ್ವನಿಸಂದೇಶ ಬಂತು. "ಮಾಮ, ಎರಡೇ ಅಕ್ಷರ ಇರ್ಲಿ. ಬೇರೆ ಯಾರೂ ಇಟ್ಟಿರಬಾರ್ದು. ಕನ್ನಡದ್ದು ಅನ್ನಿಸ್ಬೇಕು, ಆದ್ರೆ ತೀರಾ ಕನ್ನಡದ್ದು ಅನ್ನಿಸ್ಬಾರ್ದು. ಅಮೆರಿಕದೋರ ನಾಲಿಗೇಲೂ ಹೊರಳ್ಬೇಕು. ದೇವರ ಹೆಸರಾದ್ರೂ ಪರವಾಗಿಲ್ಲ, ದೇವರದು ಅಂತ ಗೊತ್ತಾಗ್ಬಾರ್ದು."

ಇದನ್ನು ಕೇಳಿ ಇವತ್ತಿನ ಹುಡುಗಿಯರ ತಲೆಹರಟೆ ಎಂದುಕೊಳ್ಳಬೇಡಿ. ಹೆಸರಿಗೆ ಷರತ್ತು ಹಾಕುವುದು ನಮ್ಮಲ್ಲಿ ಬಹಳ ಹಳೆಯ ಚಾಳಿ. ಗಂಡುಮಗುವಿನ ಹೆಸರಿಗೆ ಎರಡು ಇಲ್ಲವೇ ನಾಲ್ಕು ಅಕ್ಷರವಿರಬೇಕು, ಘೋಷ ವ್ಯಂಜನದಿಂದ (ಗ, ಜ, ದ, ಬಗಳಂತೆ ಗಂಟಲು ನಡುಗಿಸಿ ಹೊರಡುವ ಅಕ್ಷರದಿಂದ) ಶುರುವಾಗಬೇಕು, ನಡುವೆ ಯ ರ ಲ ವಗಳಲ್ಲೊಂದು ಬರಬೇಕು ಎಂದು ಪಾರಸ್ಕರ ಗೃಹ್ಯಸೂತ್ರ ವಿಧಿಸುತ್ತದೆ. ಹೆಣ್ಣುಮಗುವಿನ ಹೆಸರು ಸುಲಭವಾಗಿ ಉಚ್ಚರಿಸುವಂತಿರಬೇಕು, ಕಿವಿಗೆ ಒರಟಾಗಬಾರದು, ಅರ್ಥ ಸ್ಪಷ್ಟವಾಗಿರಬೇಕು ಎನ್ನುವುದು ಮನುವಿನ ಮಾತು. ಮನುವಿನ ಜೊತೆ ನನಗೆ ನೂರೆಂಟು ತಕರಾರುಗಳಿವೆ. ಆದರೆ ನೆರೆಮನೆಯ ಮಗುವಿನ ಹೆಸರನ್ನು ಮೂರು ಸಲ ಕೇಳಿಸಿಕೊಂಡು, ಕೊನೆಗೆ "ಓ, ತುಂಬಾ ಚೆನ್ನಾಗಿದೆ" ಎಂದು ತಪ್ಪಿಸಿಕೊಂಡು ಬಂದ ದಿನ ಈ ಒಂದು ವಿಷಯದಲ್ಲಿ ರಾಜಿಯಾಗಿಬಿಟ್ಟೆ.

ಷರತ್ತುಗಳ ಮೇಲೆ ಷರತ್ತಾಗಿ ಪುರೋಹಿತರ ಚೀಟಿ ಬಂತು. ಆರ್ದ್ರಾ ನಕ್ಷತ್ರ, ಮೂರನೇ ಪಾದ, ಅಕ್ಷರ ಙ.

27 ನಕ್ಷತ್ರಗಳಿಗೆ ನಾಲ್ಕು ನಾಲ್ಕು ಪಾದದಂತೆ 108 ಪಾದಗಳು, ಪ್ರತಿಯೊಂದಕ್ಕೂ ಒಂದೊಂದು ಅಕ್ಷರ. ರೋಹಿಣಿಯವರಿಗೆ ಒ, ವಾ, ವಿ, ವು. ಕಣ್ಣುಮುಚ್ಚಿಕೊಂಡು ವಾಸುವೋ ವಿನಯನೋ ಸಿಗುತ್ತಾನೆ. ಆರ್ದ್ರೆಯವರಿಗೆ ಕು, ಘ, ಙ, ಛ. ನಮ್ಮ ಕೂಸು ಎರಡು ಪಾದ ಮುಂಚೆ ಬಂದಿದ್ದರೆ ಕುಶನೋ ಕುಮಾರನೋ ಆಗುತ್ತಿತ್ತು. ಙ ಎಂದರೆ ವರ್ಣಮಾಲೆಯ ಬಾಯಿಪಾಠ ಮುಗಿದ ಮೇಲೆ ಜನ್ಮದಲ್ಲಿ ಮತ್ತೆ ಎದುರಾಗದ ಅಕ್ಷರ. 'ವಾಙ್ಮಯ'ದಲ್ಲಿ ಅರ್ಧ ಮೈ ತೋರಿಸುತ್ತದೆ. ಶಂಖ, ಅಂಗಳಗಳಲ್ಲಿ ದುಡಿಯುವುದು ಅದೇ, ಕೀರ್ತಿ ಮಾತ್ರ ಸೊನ್ನೆಗೆ. ತಮಾಷೆಯೆಂದರೆ ಇದು ಘೋಷಾಕ್ಷರ, ಪಾರಸ್ಕರರ ಎರಡನೇ ಷರತ್ತನ್ನು ಠೀವಿಯಿಂದ ಪಾಸು ಮಾಡುತ್ತದೆ.

"ಹತ್ತಿರದ ಅಕ್ಷರ ಹಿಡ್ಕೊಳ್ಳಿ" ಎಂದು ಪುರೋಹಿತರು ಫೋನಿನಲ್ಲಿ ದಾರಿ ತೋರಿಸಿದರು. ಮೂಲೆಯಲ್ಲಿ ಪೇಪರು ಓದುತ್ತಿದ್ದ ಭಾವ ತಲೆ ಎತ್ತದೆ "ಹತ್ತಿರ ಅಂದ್ರೆ ಘ. ಘಟೋತ್ಕಚ" ಅಂದರು. ಅಕ್ಕ ಅವರ ಕೈಯಿಂದ ಪೇಪರು ಕಿತ್ತುಕೊಂಡಳು.

ನನಗೆ ಥಟ್ಟನೆ ಹೊಳೆದದ್ದು ಬೈಲುಕುಪ್ಪೆ. ಅಲ್ಲಿನ ಟಿಬೆಟನ್ನರಲ್ಲಿ ಙ ಅಕ್ಷರದಿಂದಲೇ ಆರಂಭವಾಗುವ ಹೆಸರುಗಳು ಧಾರಾಳ. ಙವಾಙ್ ಎಂಬುದಂತೂ ಐದನೆಯ ದಲೈ ಲಾಮಾ ಅವರ ಹೆಸರಿನಲ್ಲೂ ಇದೆ. ಮಾತಿನ ಒಡೆಯ ಎಂದರ್ಥ. ಕನ್ನಡದಲ್ಲಿ ವಾಗೀಶ ಅನ್ನಬಹುದು. ನಕ್ಷತ್ರಕ್ಕೆ ಒಪ್ಪಿತು, ಎರಡಕ್ಷರಕ್ಕೆ ಸ್ವಲ್ಪ ಮಿಕ್ಕಿತು, ಬೇರೆ ಯಾರೂ ಇಟ್ಟಿರಲಾರರು ಎಂಬ ಖಾತರಿ ಬೇರೆ. ಉತ್ಸಾಹದಿಂದ ಕುಟುಂಬದ ಗುಂಪಿಗೆ ಹಾಕಿದೆ. ಅಳಿಯಂದಿರು ಕೈಮುಗಿದ ಚಿತ್ರ ಕಳಿಸಿದರು. ಅಕ್ಕ ಗುಂಪಿನಲ್ಲಿ ಏನೂ ಹೇಳದೆ ನೇರ ಫೋನ್ ಮಾಡಿ, ಬೀಗರ ಮುಂದೆ ಮರ್ಯಾದೆ ಇಟ್ಟುಕೊಳ್ಳುವುದು ಹೇಗೆಂದು ಒಂದಿಷ್ಟು ತಿಳಿಹೇಳಿದಳು.

ಈ ಗದ್ದಲದಲ್ಲಿ ಆರಾಮಾಗಿ ಇದ್ದವರು ಸಾಕಮ್ಮ ದೊಡ್ಡಮ್ಮ ಒಬ್ಬರೇ. ಅವರು ಮನೆಯ ನಾಲ್ಕನೇ ಹೆಣ್ಣು. ಆ ಹೆಸರು ಅವರಿಗೆ ಇಟ್ಟದ್ದಲ್ಲ, ದೇವರಿಗೆ ಬರೆದ ಅರ್ಜಿ. ದೇವರು ಅರ್ಜಿ ಓದಲಿಲ್ಲ, ಐದನೆಯದೂ ಹೆಣ್ಣಾಯಿತು. ನಗು ಬರುತ್ತದೆ ನಿಜ, ಆದರೆ ಕರೆದಾಗಲೆಲ್ಲ 'ನೀನು ಬೇಕಿರಲಿಲ್ಲ' ಎಂದು ಕೇಳಿಸಿಕೊಳ್ಳುತ್ತ ಒಂದು ಆಯುಷ್ಯ ಕಳೆದವರ ಎದುರು ನಗುವುದಕ್ಕೆ ಧೈರ್ಯ ಬೇಕು. ಪುಣ್ಯಕ್ಕೆ ಮೊದಲು ನಗುವವರು ದೊಡ್ಡಮ್ಮನೇ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ 2011ರಲ್ಲಿ 'ನಕುಶಾ', ಅಂದರೆ 'ಬೇಡದವಳು' ಎಂದು ಕರೆಸಿಕೊಳ್ಳುತ್ತಿದ್ದ 285 ಹುಡುಗಿಯರಿಗೆ ಸಮಾರಂಭ ಮಾಡಿ ಹೊಸ ಹೆಸರು ಕೊಟ್ಟರು. ಆ ಸುದ್ದಿ ಓದಿ ಹೇಳಿದಾಗ ದೊಡ್ಡಮ್ಮ, "ನಂಗೂ ಒಂದು ಕೊಡ್ತಾರೇನು? ಐಶ್ವರ್ಯ ಅಂತ ಇಟ್ಕೊಳ್ತಿದ್ದೆ" ಅಂದಿದ್ದರು.

ಅವರ ಕಾಲದ ಹೆಸರುಗಳ ತರ್ಕವೇ ಬೇರೆ. ಹುಟ್ಟಿದ ಮಕ್ಕಳು ಉಳಿಯುತ್ತಿರಲಿಲ್ಲ. ಹಾಗಾಗಿ ಉಳಿದ ಕೂಸನ್ನು ಸಾವಿನ ಕಣ್ಣಿಗೆ ಬೀಳದಂತೆ ಬಚ್ಚಿಡಬೇಕಿತ್ತು. ತಿಪ್ಪೆಯ ಮೇಲೆ ಹೊರಳಿಸಿ ಎತ್ತಿಕೊಂಡು ತಿಪ್ಪಯ್ಯ, ತಿಪ್ಪಮ್ಮ ಅಂದರು. ಕಲ್ಲಿನಂತಿರಲಿ ಎಂದು ಕಲ್ಲಪ್ಪ, ಗುಂಡಿನಂತಿರಲಿ ಎಂದು ಗುಂಡಪ್ಪ. (ತಿಪ್ಪೇಸ್ವಾಮಿಗಳು ಕೋಪಿಸಿಕೊಳ್ಳಬಾರದು, ಚಿತ್ರದುರ್ಗದ ಕಡೆ ಅದು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಮೇಲಿನ ಭಕ್ತಿ.) ಅದರ ಜೊತೆಗೆ ಆಗತಾನೇ ಹುಟ್ಟಿದ ಕೂಸಿಗೂ ಅಪ್ಪ, ಅಮ್ಮ, ಅಣ್ಣ, ಅಯ್ಯ ಎಂದು ಬಾಲ ಹಚ್ಚುವ ಸೌಜನ್ಯ. ತೊಟ್ಟಿಲಲ್ಲಿ ಒದ್ದೆ ಮಾಡಿಕೊಂಡು ಮಲಗಿದವನನ್ನು 'ಲಿಂಗಪ್ಪ' ಅನ್ನಬೇಕಾದರೆ ಬಯ್ಯಲು ಯಾರಿಗೆ ಮನಸ್ಸು ಬಂದೀತು?

ಈ ಕಾಲ ಮಗುಚಿದ ಸದ್ದು ಕೇಳಬೇಕಾದರೆ ಒಂದೇ ಮನೆ ನೋಡಿದರೆ ಸಾಕು. ತಂದೆಯ ಹೆಸರು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಅವರೇ ತಮ್ಮ ಮಕ್ಕಳಿಗೆ ಇಟ್ಟ ಹೆಸರು ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ವೆಂಕಟಪ್ಪ, ಪುಟ್ಟಪ್ಪ, ಕೋಕಿಲೋದಯ ಚೈತ್ರ! ಮೂರೇ ತಲೆಮಾರಿಗೆ ಜಗಲಿಯಿಂದ ಹಾರಿ ಮಾಮರದ ತುದಿ ಮುಟ್ಟಿದ್ದಾಯಿತು. ಕುವೆಂಪು ಇಟ್ಟರೆ ಕಾವ್ಯ, ನಾನು ಹೇಳಿದರೆ ಕೈಮುಗಿದ ಚಿತ್ರ.

ಆಮೇಲೆ ರಮೇಶ, ಸುರೇಶ, ಗಣೇಶ, ಮಹೇಶರ ದಂಡು ಬಂತು. ಅವರು ಮದುವೆಯಾಗಿ ಹೆತ್ತ ಹೆಣ್ಣುಮಕ್ಕಳ ಪಾಲಿಗೆ ಭಾವವಾಚಕಗಳು ಬಂದವು. ಸ್ಪಂದನಾ, ಸಿಂಚನಾ, ಚೇತನಾ, ಪ್ರೇರಣಾ, ಸ್ಫೂರ್ತಿ, ಮಾನ್ಯತಾ. ನಮ್ಮ ಸ್ಪಂದನಾ ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಪೋಷಕರ ಸಭೆಗೆ ನಾನು ಹೋಗಿದ್ದೆ. ಟೀಚರು ಗಂಭೀರವಾಗಿ "ಸ್ಫೂರ್ತಿ ಈ ವರ್ಷ ತುಂಬಾ ಕಡಿಮೆಯಾಗಿದ್ದಾಳೆ, ಪ್ರೇರಣಾ ಪರವಾಗಿಲ್ಲ, ಸ್ಪಂದನಾ ಮಾತ್ರ ಏನೂ ಉತ್ತರ ಕೊಡಲ್ಲ" ಎಂದು ವರದಿ ಒಪ್ಪಿಸಿದರು. ಅದೇ ತರಗತಿಯಲ್ಲಿ ಮೌನ ಎಂಬ ಹುಡುಗಿಯೂ ಇದ್ದಳು, ಅವಳನ್ನು ಮಾತಾಡುತ್ತಾಳೆಂದು ಹೊರಗೆ ನಿಲ್ಲಿಸಿದ್ದರು.

ಈಗ ಆ ಹುಡುಗಿಯರೆಲ್ಲ ತಾಯಂದಿರು. ಅವರಿಗೆ ಅಕಾರದ ಹುಚ್ಚು. ಆರವ್, ಅದ್ವಿಕ್, ಅಯಾನ್, ಅಥರ್ವ, ಆದ್ಯ, ಅನ್ವಿ. ಹಾಜರಿ ಪುಸ್ತಕದಲ್ಲಿ ಮಗ ಮೊದಲು ಬರಲಿ ಎಂಬ ಆಸೆಯಂತೆ. ಬಾಯಿಪರೀಕ್ಷೆಗೂ ಅವನನ್ನೇ ಮೊದಲು ಕರೆಯುತ್ತಾರೆ ಎಂಬುದು ಆಮೇಲೆ ತಿಳಿಯುವ ಸಂಗತಿ.

ನಕ್ಷತ್ರದ ಹೆಸರನ್ನು ಕಿವಿಯಲ್ಲಿ ಹೇಳಿಬಿಟ್ಟು ಕರೆಯಲು ಬೇರೆ ಇಟ್ಟುಕೊಳ್ಳಬಹುದು, ವ್ಯವಹಾರನಾಮ ಎಂದು ಶಾಸ್ತ್ರದಲ್ಲೇ ಅವಕಾಶವಿದೆ ಎಂದು ಪುರೋಹಿತರು ಬಿಡುಗಡೆ ಕೊಟ್ಟ ಕೂಡಲೇ ಸ್ಪಂದನಾ ಆರವ್ ಎಂದಳು. "ಶಾಂತ ಸ್ವಭಾವದವನು ಅಂತ ಅರ್ಥ, ಮಾಮ. ನೆಟ್‌ನಲ್ಲಿದೆ."

ರವ ಎಂದರೆ ಸದ್ದು. ಹಕ್ಕಿಗಳದು ಕಲರವ, ಸದ್ದಿಲ್ಲದ್ದು ನೀರವ. ಆರವ ಎಂದು ಸಂಸ್ಕೃತ ನಿಘಂಟಿನಲ್ಲಿ ತೆಗೆದು ನೋಡಿದರೆ ಕೂಗು, ಅಬ್ಬರ, ಬೊಬ್ಬೆ. ಇಷ್ಟನ್ನೂ ಫೋನಿನಲ್ಲಿ ವಿವರಿಸಿದೆ. ಆಚೆ ಕಡೆ ಕೂಸು ಮನೆಯ ಹೆಂಚು ಹಾರಿಹೋಗುವಂತೆ ಅಳುತ್ತ ನನ್ನ ಪರವಾಗಿ ಸಾಕ್ಷಿ ನುಡಿಯುತ್ತಿತ್ತು. "ಅಷ್ಟು ಜನ ಇಟ್ಟಿದ್ದಾರೆ, ಅವರಿಗೆಲ್ಲ ಗೊತ್ತಿಲ್ವಾ?" ಎಂದಳು. ಯಾರೂ ಇಟ್ಟಿರಬಾರದು ಎಂದು ಹೊರಟವಳು ಎಷ್ಟೊಂದು ಜನ ಇಟ್ಟಿದ್ದಾರೆ ಎಂಬಲ್ಲಿಗೆ ಬಂದು ನಿಂತಿದ್ದಳು.

ಇವಳೊಬ್ಬಳ ಕಥೆಯಲ್ಲ ಇದು. ಎಲ್ಲರಿಗಿಂತ ಬೇರೆಯಾಗಿರಲಿ ಎಂದು ಎಲ್ಲರೂ ಒಂದೇ ಕಡೆ ಹುಡುಕಿದರೆ ಸಿಗುವುದು ಒಂದೇ. ಅಮೆರಿಕದಲ್ಲಿ 1970ರಿಂದ 1984ರವರೆಗೆ, ಒಂದು ವರ್ಷವೂ ತಪ್ಪದೆ, ಹೆಣ್ಣುಮಕ್ಕಳ ಹೆಸರುಗಳಲ್ಲಿ ಜೆನಿಫರ್ ಮೊದಲ ಸ್ಥಾನದಲ್ಲಿತ್ತು. ತರಗತಿಯಲ್ಲಿ ಜೆನಿಫರ್ ಎಂದು ಕರೆದರೆ ಅರ್ಧ ಬೆಂಚು ಎದ್ದು ನಿಂತಿರಬೇಕು. ಐಸ್‌ಲ್ಯಾಂಡಿನವರು ಇನ್ನೊಂದು ತುದಿಗೆ ಹೋಗಿ, 1991ರಲ್ಲಿ ಹೆಸರುಗಳಿಗಾಗಿಯೇ ಸಮಿತಿ ಮಾಡಿಕೊಂಡರು. ಪಟ್ಟಿಯಲ್ಲಿಲ್ಲದ ಹೆಸರಾದರೆ ಅದರ ಒಪ್ಪಿಗೆ ಬೇಕು. ನಮ್ಮಲ್ಲಿ ಆ ಸಮಿತಿಯ ಕೆಲಸವನ್ನು ಅತ್ತಿಗೆ ನಾದಿನಿಯರು ಉಚಿತವಾಗಿ ಮಾಡುತ್ತಾರೆ. ನನಗೆ ಹಿಡಿಸಿದ್ದು ಘಾನಾದ ಅಕಾನ್ ಜನರ ಪದ್ಧತಿ. ಶುಕ್ರವಾರ ಹುಟ್ಟಿದ ಗಂಡುಮಗು ಕೋಫಿ, ಶನಿವಾರದವನು ಕ್ವಾಮೆ. ವಾರ ನೋಡು, ಹೆಸರಿಡು, ಮಲಗು. ಹಾಗಿಟ್ಟ ಹೆಸರಿಟ್ಟುಕೊಂಡೇ ಕೋಫಿ ಅನ್ನಾನ್ ವಿಶ್ವಸಂಸ್ಥೆ ನಡೆಸಲಿಲ್ಲವೆ?

ಅಷ್ಟರಲ್ಲಿ ಜನನ ನೋಂದಣಿಯ ಗಡಿಬಿಡಿ. ಲಸಿಕೆ ಕಾರ್ಡಿನಲ್ಲಿ ಕೂಸು ಇನ್ನೂ 'ಬೇಬಿ ಆಫ್ ಸ್ಪಂದನಾ'. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಹುಟ್ಟನ್ನು 21 ದಿನದೊಳಗೆ ತಿಳಿಸಬೇಕು, ಹೆಸರನ್ನು ಮಾತ್ರ ಆಮೇಲೂ ಸೇರಿಸಬಹುದು. 12 ತಿಂಗಳವರೆಗೆ ಶುಲ್ಕವಿಲ್ಲ, ತಡವಾದರೆ ಶುಲ್ಕ ಕಟ್ಟಿ 15 ವರ್ಷದವರೆಗೂ ಅವಕಾಶ. ಇದನ್ನು ಕೇಳಿ ಭಾವ ಮೊದಲ ಬಾರಿಗೆ ಉತ್ಸಾಹ ತೋರಿದರು. "ಹದಿನೈದು ವರ್ಷ ಟೈಮಿದೆಯಲ್ಲ, ಅವನೇ ಇಟ್ಕೊಳ್ಳಲಿ ಬಿಡ್ರೋ."

ಅಂತೂ ಗಂಡಹೆಂಡತಿ ಗುಟ್ಟಾಗಿ ವಿಹಾನ್ ಎಂದು ಆರಿಸಿದರು. ಬೆಳಗಿನ ಜಾವ ಎಂದರ್ಥ. ಕೂಸು ಎಚ್ಚರವಾಗುವ ಹೊತ್ತೂ ಅದೇ ಆದ್ದರಿಂದ ಯಾರೂ ತಕರಾರು ತೆಗೆಯಲಿಲ್ಲ. ನಾಮಕರಣದ ದಿನದವರೆಗೆ ಹೊರಗೆ ಬಿಡಬಾರದೆಂದು ನಮ್ಮಿಂದ ಆಣೆ ಮಾಡಿಸಿಕೊಂಡರು. ಆದರೆ ನಾಮಕರಣಕ್ಕೆ ಒಂದು ವಾರವಿರುವಾಗ ಅಳಿಯಂದಿರ ದಾಯಾದಿಗಳ ಮನೆಯಿಂದ ಚಿನ್ನದ ಬಣ್ಣದ ಕರೆಯೋಲೆ ಬಂತು. ಅವರ ಕೂಸಿನ ಹೆಸರೂ ವಿಹಾನ್.

ಸೋರಿಕೆ ಯಾರಿಂದಾಯಿತು ಎಂಬ ವಿಚಾರಣೆ ಇನ್ನೂ ನಡೆಯುತ್ತಿದೆ. ಎಲ್ಲರೂ ದೊಡ್ಡಮ್ಮನ ಮುಖ ನೋಡುತ್ತಾರೆ, ದೊಡ್ಡಮ್ಮ ಗೋಡೆ ನೋಡುತ್ತಾರೆ. ಹೆಸರು ಬಿಟ್ಟುಕೊಡಲು ಎರಡೂ ಕಡೆಯವರು ತಯಾರಿಲ್ಲ. ಕೊನೆಗೆ ಸ್ಪಂದನಾ ಇಂಗ್ಲಿಷಿನಲ್ಲಿ ಒಂದು 'ಎ' ಮತ್ತು ಒಂದು 'ಎಚ್' ಹೆಚ್ಚಿಗೆ ಸೇರಿಸಿ, ತನ್ನ ಮಗ ಬೇರೆ ಎಂದು ಸಾಧಿಸಿದಳು. ಸಂಖ್ಯಾಶಾಸ್ತ್ರಕ್ಕೂ ಅದೇ ಒಳ್ಳೆಯದಂತೆ. ಕಚೇರಿಯಲ್ಲಿ ಕುಳಿತವರು ಆ ಇಂಗ್ಲಿಷನ್ನು ನಿಷ್ಠೆಯಿಂದ ಕನ್ನಡಕ್ಕೆ ಇಳಿಸಿದರು. ಪ್ರಮಾಣಪತ್ರದಲ್ಲಿ ಈಗ ಇಂಗ್ಲಿಷಿನ ಕೆಳಗೆ ದಪ್ಪಕ್ಷರದಲ್ಲಿ 'ವಿಹಾಹನ್' ಎಂದಿದೆ. ಯಾರೂ ಇಟ್ಟಿರದ ಹೆಸರು!

ನಾಮಕರಣ ಮಾತ್ರ ಚೆನ್ನಾಗಿಯೇ ನಡೆಯಿತು. ಅಳಿಯಂದಿರು ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಹೆಸರು ಬರೆದರು. ಕಿವಿಯಲ್ಲಿ ನಕ್ಷತ್ರನಾಮ ಹೇಳುವಾಗ ಪುರೋಹಿತರು ಏನೆಂದರೋ ಕೂಸಿಗೆ ಮಾತ್ರ ಗೊತ್ತು. ನಮಗೆ ಕೇಳಿಸಿದ್ದು ಮೂಗಿನೊಳಗಿನ ಒಂದು ಗುಂಯ್‌ಗುಡುವ ಸದ್ದು, ಅದರ ಹಿಂದೆಯೇ ಭರ್ಜರಿ ಆರವ.

ಮೊನ್ನೆ ಅಕ್ಕ ಫೋನ್ ಮಾಡಿದ್ದಳು. ಅವಳ ಸೊಸೆಗೆ ಈಗ ದಿನ ತುಂಬುತ್ತ ಬಂದಿದೆ, ಸಿಸೇರಿಯನ್ ಆಗಬಹುದು ಎಂದಿದ್ದಾರಂತೆ. ಹಸ್ತ ನಕ್ಷತ್ರದಲ್ಲಿ ಪು ಬಿಟ್ಟರೆ ಉಳಿದದ್ದು ಷ, ಣ, ಠ ಎಂದು ಪಂಚಾಂಗ ನೋಡಿ ತಿಳಿದುಕೊಂಡಿದ್ದಾಳೆ. ಆ ದಿನವೊಂದು ಬಿಟ್ಟು ಮತ್ತೆ ಯಾವತ್ತಾದರೂ ಕೊಯ್ಯಿರಿ ಎಂದು ಡಾಕ್ಟರಿಗೆ ಹೇಳಿ ಬಂದಿದ್ದಾಳಂತೆ.